ಸ್ವರಮಾಪಕದ ತಂತಿಯೂ ಐವತ್ತರ ಮೋಹವೂ

ಬಿಗಿದ ತಂತಿಯ ಮೇಲಿನ ಸ್ಥಾಯೀ ತರಂಗಗಳನ್ನು ಒಮ್ಮೆಯಾದರೂ ನೋಡದೆ ಭೌತಶಾಸ್ತ್ರದ ಪದವಿಯನ್ನು ಪಡೆದವರು ನಮ್ಮಲ್ಲಿ ವಿರಳ. ಟೊಳ್ಳಾದ ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಅತ್ತಿತ್ತ ಸರಿಸಬಹುದಾದ ಎರಡು ಕುದುರೆಗಳು, ಕುದುರೆಗಳ ಮೇಲೆ ಹಾಯ್ದು ತುದಿಯ ರಾಟೆಯಿಂದ ಇಳಿಬಿದ್ದ ಒಂದು ತಂತಿ, ಅದರ ಕೊನೆಗೆ ತೂಗುಹಾಕಿದ ಅರ್ಧ ಕಿಲೋಗ್ರಾಮಿನ ಬಿಲ್ಲೆಗಳು, ಇಷ್ಟೇ ಉಪಕರಣ. ಪುಸ್ತಕಗಳು ಇದನ್ನು ಸ್ವರಮಾಪಕವೆಂದು ಕರೆಯುತ್ತವೆ. ವಿದ್ಯಾರ್ಥಿಗಳ ಬಾಯಲ್ಲಿ ಇದು ಸೋನೋಮೀಟರು. ಇದರಷ್ಟು ಅಗ್ಗವಾದ, ಇದರಷ್ಟು ಸುಲಭವಾಗಿ ದುರಸ್ತಿಯಾಗುವ, ಇದರಷ್ಟು ನಿಷ್ಠುರವಾಗಿ ಸತ್ಯವನ್ನು ನುಡಿಯುವ ಸಲಕರಣೆ ಪ್ರಯೋಗಾಲಯದಲ್ಲಿ ಇನ್ನೊಂದಿಲ್ಲವೆಂಬುದು ನಮ್ಮ ಅಭಿಪ್ರಾಯ. ಆದರೆ ನುಡಿಯುವುದಕ್ಕೆ ನಾವು ಅದಕ್ಕೆ ಅವಕಾಶವನ್ನೇ ಕೊಡುತ್ತಿಲ್ಲ. ಅದು ಏನು ಹೇಳಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಆಮೇಲೆ ಅದರ ಮುಂದೆ ಕುಳಿತುಕೊಳ್ಳುತ್ತೇವೆ. ಇಲ್ಲಿ ನಾವು ಆಕ್ಷೇಪಿಸಹೊರಟಿರುವುದು ಈ ಅಭ್ಯಾಸವನ್ನು.

ಮೊದಲು ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದು ಒಮ್ಮೆ ಕೊಡಹಿದರೆ ಡುಬ್ಬವೊಂದು ಹಗ್ಗದುದ್ದಕ್ಕೂ ಓಡಿ, ಕಂಬವನ್ನು ಮುಟ್ಟಿ, ತಲೆಕೆಳಗಾಗಿ ಹಿಂದಿರುಗುತ್ತದೆ. ಕೊಡಹುತ್ತಲೇ ಇದ್ದರೆ ಹೋಗುವ ಅಲೆಗಳೂ ಬರುವ ಅಲೆಗಳೂ ಒಂದನ್ನೊಂದು ಸಂಧಿಸುತ್ತವೆ. ಕೈಯ ಗತಿ ಹೇಗೆ ಹೇಗೋ ಇರುವಾಗ ಹಗ್ಗ ಗೊಂದಲವಾಗಿ ಅಲ್ಲಾಡುತ್ತದೆ. ತಕ್ಕ ಗತಿ ಸಿಕ್ಕಿದೊಡನೆ ಗೊಂದಲವಡಗಿ, ಕೆಲವು ಬಿಂದುಗಳು ಸಂಪೂರ್ಣ ನಿಶ್ಚಲವಾಗಿಯೂ ಅವುಗಳ ನಡುವಣ ಭಾಗಗಳು ಅಗಲವಾಗಿ ತೂಗುತ್ತಲೂ ಇರುವುದು ಕಾಣುತ್ತದೆ. ನಿಶ್ಚಲವಾದ ಬಿಂದು ನಿಸ್ಪಂದ; ಅತಿ ಹೆಚ್ಚಾಗಿ ತೂಗುವ ಬಿಂದು ಪ್ರಸ್ಪಂದ. ಅಲೆಯು ಮುಂದಕ್ಕೆ ಸಾಗುವಂತೆ ಕಾಣದೆ ಇದ್ದಲ್ಲಿಯೇ ನಿಂತಂತೆ ತೋರುವುದರಿಂದ ಇದಕ್ಕೆ ಸ್ಥಾಯೀ ತರಂಗವೆಂದು ಹೆಸರು. ಅಕ್ಕಪಕ್ಕದ ಎರಡು ನಿಸ್ಪಂದಗಳ ನಡುವೆ ಅಲೆಯುದ್ದದ ಅರ್ಧದಷ್ಟು ದೂರವಿರುತ್ತದೆ. ತಂತಿಯ ಎರಡು ತುದಿಗಳೂ ಕದಲಲಾರವಷ್ಟೆ; ಆದುದರಿಂದ ಅವೆರಡೂ ನಿಸ್ಪಂದಗಳೇ. ಎಂದ ಮೇಲೆ ತಂತಿಯ ಉದ್ದದಲ್ಲಿ ಅರ್ಧ ಅಲೆಗಳು ಒಂದೋ ಎರಡೋ ಮೂರೋ ಪೂರ್ಣಸಂಖ್ಯೆಯಲ್ಲಿ ಹಿಡಿಸಬೇಕಲ್ಲದೆ ಒಂದೂಕಾಲು ಎರಡೂಮುಕ್ಕಾಲು ಹಿಡಿಸಲಾರವು. ತಂತಿಯು ಕೆಲವೇ ಸ್ವರಗಳನ್ನು ಆರಿಸಿಕೊಂಡು ನುಡಿಯುವುದರ ಗುಟ್ಟು ಇದು.

ತಂತಿ ಗಿಡ್ಡವಾದಷ್ಟೂ ಸ್ವರ ಏರುತ್ತದೆ, ಬಿಗಿದಷ್ಟೂ ಏರುತ್ತದೆ, ಭಾರವಾದಷ್ಟೂ ಇಳಿಯುತ್ತದೆ ಎಂಬುದು ವೀಣೆ ಹಿಡಿದವರೆಲ್ಲರೂ ಬಲ್ಲ ಸಂಗತಿ. ಎಷ್ಟೆಷ್ಟು ಎಂಬುದನ್ನು ಫ್ರಾನ್ಸಿನ ಪಾದ್ರಿ ಮೆರ್ಸೆನ್ 1636ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿಯಮವಾಗಿ ಹೇಳಿದನು: ಆವೃತ್ತಿಯು ಉದ್ದಕ್ಕೆ ವಿಲೋಮವಾಗಿಯೂ, ಬಿಗಿತದ ವರ್ಗಮೂಲಕ್ಕೆ ನೇರವಾಗಿಯೂ, ತಂತಿಯ ಮಾನೋದ್ದದ ದ್ರವ್ಯರಾಶಿಯ ವರ್ಗಮೂಲಕ್ಕೆ ವಿಲೋಮವಾಗಿಯೂ ಇರುತ್ತದೆ. ನಿಸ್ಪಂದಗಳ ವಿಷಯ ಬೆಳಕಿಗೆ ಬಂದುದು ಇನ್ನೂ ನಲವತ್ತು ವರ್ಷಗಳ ನಂತರ. ಆಕ್ಸ್‌ಫರ್ಡಿನ ವಿಲಿಯಂ ನೋಬಲ್ ಮತ್ತು ಥಾಮಸ್ ಪಿಗಟ್ ಎಂಬುವರು ಕಂಡುಕೊಂಡ ಒಂದು ಸೋಜಿಗವನ್ನು ಗಣಿತಜ್ಞ ಜಾನ್ ವಾಲಿಸ್ 1677ರಲ್ಲಿ ಪತ್ರಮುಖೇನ ಪ್ರಕಟಪಡಿಸಿದನು. ಒಂದು ತಂತಿಯನ್ನು ಷಡ್ಜಕ್ಕೂ ಇನ್ನೊಂದನ್ನು ಅದರ ಮೇಲಿನ ಷಡ್ಜಕ್ಕೂ ಶ್ರುತಿಮಾಡಿ ಮೇಲಿನದನ್ನು ಮಿಡಿದರೆ, ಕೆಳಗಿನ ಷಡ್ಜದ ತಂತಿಯು ತಾನಾಗಿ ಅಲುಗುತ್ತದೆ. ಆದರೆ ಇಡಿಯಾಗಿ ಅಲ್ಲ, ಎರಡು ಅರ್ಧಗಳಾಗಿ. ನಡುಬಿಂದು ಮಾತ್ರ ಮಿಸುಕುವುದಿಲ್ಲ. ಇದನ್ನು ಅವರು ಪತ್ತೆಮಾಡಿದ್ದು ತಂತಿಯ ಮೇಲೆ ಹಾಕಿದ ಕಾಗದದ ಚೂರಿನಿಂದ. ಇಂದಿಗೂ ನಮ್ಮ ಪ್ರಯೋಗಾಲಯಗಳಲ್ಲಿ ಕುದುರೆಗಳ ನಡುವೆ ತಂತಿಯ ಮೇಲೆ ಕೂರಿಸುವ ಸವಾರ ಈ ಕಾಗದದ ಚೂರೇ. ಮುನ್ನೂರೈವತ್ತು ವರ್ಷಗಳಲ್ಲಿ ಅದಕ್ಕಿಂತ ಉತ್ತಮವಾದದ್ದು ಬೇಕೆಂದು ಯಾರಿಗೂ ಅನ್ನಿಸಿಲ್ಲ.

ಕಾಗದ ಎಲ್ಲಿ ಹಾರೀತು, ಎಲ್ಲಿ ಕುಳಿತೀತು ಎಂಬುದನ್ನು ಆ ಇಬ್ಬರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಈಗ ನಮ್ಮ ಪ್ರಯೋಗಾಲಯಕ್ಕೆ ಬರೋಣ. ಸ್ವರಮಾಪಕದಿಂದ ಮಾಡುವ ಪ್ರಯೋಗಗಳಲ್ಲಿ ಬಹಳ ರೂಢಿಯಲ್ಲಿರುವುದು ಮನೆಮನೆಗೂ ಬರುವ ಎ.ಸಿ. ವಿದ್ಯುತ್ತಿನ ಆವೃತ್ತಿಯನ್ನು ಅಳೆಯುವ ಪ್ರಯೋಗ. ಇಳಿಕೆಯ ಟ್ರಾನ್ಸ್‌ಫಾರ್ಮರಿನ ಮೂಲಕ ಕೆಲವೇ ವೋಲ್ಟುಗಳ ವಿದ್ಯುತ್ತನ್ನು ಒಂದು ವಿದ್ಯುತ್ಕಾಂತಕ್ಕೆ ಹಾಯಿಸಿ, ಕಾಂತವನ್ನು ಉಕ್ಕಿನ ತಂತಿಯ ನಡುಭಾಗದ ಮೇಲೆ ಹಿಡಿಯುತ್ತೇವೆ. ಕುದುರೆಗಳನ್ನು ಮೆಲ್ಲನೆ ಸರಿಸುತ್ತ ಹೋದಾಗ ಒಂದು ಉದ್ದದಲ್ಲಿ ತಂತಿ ತಟಕ್ಕನೆ ಎಚ್ಚತ್ತು ತೂಗತೊಡಗುತ್ತದೆ. ಸವಾರ ಹಾರಿ ಬೀಳುತ್ತಾನೆ. ಇದೇ ಅನುರಣನೆ. ದಪ್ಪ 0.40 ಮಿಲಿಮೀಟರಿನ ಉಕ್ಕಿನ ತಂತಿಗೆ ಒಂದು ಕಿಲೋಗ್ರಾಮ್ ತೂಗುಹಾಕಿದರೆ ಈ ಉದ್ದ ಸುಮಾರು 50 ಸೆಂಟಿಮೀಟರು. ಎರಡು ಕಿಲೋಗ್ರಾಮ್ ಹಾಕಿದರೆ ಸುಮಾರು 70.6. ಲೆಕ್ಕ ಹಾಕಿದಾಗ ತಂತಿಯ ಆವೃತ್ತಿ ಸೆಕೆಂಡಿಗೆ 100 ಎಂದು ಬರುತ್ತದೆ. ಅದನ್ನು ಎರಡರಿಂದ ಭಾಗಿಸಿ 50 ಎಂದು ಬರೆದು, ಅಡಿಗೆರೆ ಎಳೆದು, ವಿದ್ಯಾರ್ಥಿ ಎದ್ದು ಹೋಗುತ್ತಾನೆ.

ಎರಡರಿಂದ ಏಕೆ ಭಾಗಿಸಿದೆಯೆಂದು ಕೇಳಿದರೆ ಸೂತ್ರದಲ್ಲಿ ಹಾಗಿದೆಯೆಂದು ಉತ್ತರ. ವಿದ್ಯುತ್ತು ಯಾವ ದಿಕ್ಕಿನಲ್ಲಿ ಹರಿದರೂ ಕಾಂತವು ಉಕ್ಕನ್ನು ಎಳೆದೇ ಎಳೆಯುತ್ತದೆ, ಆದಕಾರಣ ಒಂದು ಆವರ್ತದಲ್ಲಿ ತಂತಿಗೆ ಎರಡು ಎಳೆತ ಬೀಳುತ್ತದೆ ಎಂಬುದನ್ನು ಯೋಚಿಸಿದ ವಿದ್ಯಾರ್ಥಿಗೆ ಬೀದಿಯ ಟ್ರಾನ್ಸ್‌ಫಾರ್ಮರಿನ ಗುಂಯ್ ಎನ್ನುವ ಶಬ್ದವೂ 50ರದ್ದಲ್ಲ, 100ರದ್ದು ಎಂಬುದು ಹೊಳೆಯುವ ಸಂಭವವುಂಟು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ವಿದ್ಯುತ್ಕಾಂತದ ಪಕ್ಕದಲ್ಲಿ ಒಂದು ಶಾಶ್ವತ ಕಾಂತವನ್ನಿಟ್ಟರೆ ಎಳೆತ ಒಮ್ಮೆ ಹೆಚ್ಚಾಗಿಯೂ ಒಮ್ಮೆ ಕಡಿಮೆಯಾಗಿಯೂ ಬೀಳುತ್ತದೆ. ಆಗ ತಂತಿಯು 50ರ ಗತಿಗೂ ಓಗೊಡತಕ್ಕದ್ದು. ಅರ್ಧ ಕಿಲೋಗ್ರಾಮ್ ತೂಗುಹಾಕಿ ಕುದುರೆಗಳನ್ನು 70.6 ಸೆಂಟಿಮೀಟರ್ ದೂರದಲ್ಲಿಟ್ಟು ನೋಡಿ. ಶಾಶ್ವತ ಕಾಂತವಿರುವಾಗ ತಂತಿ ಇಡಿಯಾಗಿ ಒಂದೇ ಕುಣಿಕೆಯಲ್ಲಿ ತೂಗಬಲ್ಲದು. ಅದನ್ನು ತೆಗೆದು, ವಿದ್ಯುತ್ಕಾಂತವನ್ನು ತಂತಿಯ ಕಾಲುಭಾಗದ ಬಳಿಗೆ ಸರಿಸಿದರೆ ಎರಡು ಕುಣಿಕೆಗಳು. ಕಾಂತವನ್ನು ನಡುವಿನಲ್ಲಿಯೇ ಬಿಟ್ಟರೆ ಎರಡು ಕುಣಿಕೆ ಏಳುವುದಿಲ್ಲ. ನಿಸ್ಪಂದವಾಗಬೇಕಾದ ಬಿಂದುವನ್ನು ಹಿಡಿದು ಎಷ್ಟು ಎಳೆದರೇನು? ಇಷ್ಟನ್ನು ತಾನೇ ಕಂಡುಕೊಂಡ ವಿದ್ಯಾರ್ಥಿಗೆ ಸ್ಥಾಯೀ ತರಂಗದ ಬಗ್ಗೆ ಇನ್ನೊಬ್ಬರು ಪಾಠ ಹೇಳಬೇಕಾದುದಿಲ್ಲ. ಆದರೆ ಇದಾವುದೂ ಪ್ರಯೋಗ ಪುಸ್ತಕದಲ್ಲಿ ಬರೆಯುವ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವುದು 50.

ಕೆಲವು ವರ್ಷಗಳ ಕೆಳಗೆ ನಾವು ಒಂದು ಪ್ರಯೋಗಾಲಯದಲ್ಲಿ ಕಂಡದ್ದನ್ನು ಇಲ್ಲಿ ಹೇಳಬೇಕು. ಒಬ್ಬ ವಿದ್ಯಾರ್ಥಿನಿಗೆ 48.8 ಎಂಬ ಉತ್ತರ ಬಂದಿತ್ತು. ಪಕ್ಕದ ಮೇಜಿನವನಿಗೆ 50.02. ಆಕೆಯ ಪುಸ್ತಕದಲ್ಲಿ 48.8ರ ಸುತ್ತ ಕೆಂಪು ಶಾಯಿಯ ಉಂಗುರ ಬಿದ್ದು, ಮತ್ತೆ ಮಾಡತಕ್ಕದ್ದೆಂಬ ಷರಾ ಇತ್ತು. ಮತ್ತೆ ಮಾಡುವುದಕ್ಕೆ ಆಕೆ ಹಿಡಿದದ್ದು ಕುದುರೆಯನ್ನಲ್ಲ, ರಬ್ಬರನ್ನು.

"ಏನನ್ನು ತಿದ್ದುತ್ತೀಯಮ್ಮ?" ಎಂದು ಕೇಳಿದೆವು.

"ಉದ್ದ ಸಾರ್. 70.6 ಇರೋದನ್ನ 68.9 ಮಾಡಿದ್ರೆ ಸರಿಹೋಗತ್ತೆ."

ಲೆಕ್ಕವೇನೋ ಸರಿಯಾಗಿಯೇ ಇತ್ತು. ನಾವು ಆ ತಂತಿಯ ಒಂದು ಮೀಟರ್ ತುಂಡನ್ನು ತಕ್ಕಡಿಯಲ್ಲಿ ತೂಗಿಸಿದೆವು, 0.985 ಗ್ರಾಮ್ ಬಂತು. ಉಕ್ಕಿನ ಸಾಂದ್ರತೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ತಂತಿಯ ದಪ್ಪ 0.401 ಮಿಲಿಮೀಟರು. ಆಕೆ ಸ್ಕ್ರೂಗೇಜಿನಲ್ಲಿ ಓದಿಕೊಂಡದ್ದು 0.41. ಸರಿಯಾದ ದಪ್ಪವನ್ನು ಹಾಕಿದಾಗ ಉತ್ತರ 49.9 ಆಯಿತು. ಉದ್ದದ ಅಳತೆಯಲ್ಲಿ ದೋಷವೇನೂ ಇರಲಿಲ್ಲ. ಆ ಮೇಜಿನ ಮೇಲೆ ಎಲ್ಲಕ್ಕಿಂತ ಚೆನ್ನಾಗಿ ಅಳೆಯಲ್ಪಟ್ಟಿದ್ದ ಸಂಖ್ಯೆಯೇ ಅದು. ಅದನ್ನೇ ಅಳಿಸಿಹಾಕುವುದರಲ್ಲಿದ್ದಳು. ಐವತ್ತರ ಮೋಹ ಮಾಡುವ ಹಾನಿ ಎಂಥದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು. ಸುಳ್ಳು ಬರೆಯುವುದನ್ನು ಕಲಿಸುತ್ತದೆಯೆಂಬುದು ಒಂದು ಮಾತು. ತಪ್ಪು ಎಲ್ಲಿದೆಯೆಂದು ಹುಡುಕುವ ಸಾಮರ್ಥ್ಯವನ್ನೇ ಬತ್ತಿಸಿಬಿಡುತ್ತದೆಯೆಂಬುದು ಅದಕ್ಕಿಂತ ದೊಡ್ಡ ಮಾತು.

ಹಾಗಾದರೆ ಪಕ್ಕದ ಮೇಜಿನ 50.02ರ ಬೆಲೆಯೇನು? ಸ್ಕ್ರೂಗೇಜಿನ ಕನಿಷ್ಠ ಅಳತೆ 0.01 ಮಿಲಿಮೀಟರು. ತಂತಿಯ ದಪ್ಪ 0.40. ಎಂದರೆ ದಪ್ಪದಲ್ಲಿ ನೂರಕ್ಕೆ ಎರಡೂವರೆಯಷ್ಟು ಸಂದೇಹ ಸದಾ ಇದ್ದೇ ಇದೆ. ಮಾನೋದ್ದದ ದ್ರವ್ಯರಾಶಿಯು ದಪ್ಪದ ವರ್ಗವನ್ನು ಅವಲಂಬಿಸುವುದರಿಂದಲೂ, ಸೂತ್ರದಲ್ಲಿ ಅದರ ವರ್ಗಮೂಲ ಬರುವುದರಿಂದಲೂ, ಈ ಸಂದೇಹ ಕುಂದದೆ ಉತ್ತರಕ್ಕೆ ಹಾಗೆಯೇ ಇಳಿಯುತ್ತದೆ. 50ರಲ್ಲಿ ನೂರಕ್ಕೆ ಎರಡೂವರೆಯೆಂದರೆ 1.25. ಆದಕಾರಣ ಆ ಉಪಕರಣಗಳಿಂದ ಪ್ರಾಮಾಣಿಕನೊಬ್ಬ ಹೇಳಬಹುದಾದದ್ದು, ಆವೃತ್ತಿಯು 49 ಮತ್ತು 51ರ ಆಸುಪಾಸಿನಲ್ಲೆಲ್ಲೋ ಇದೆ ಎಂಬಷ್ಟು ಮಾತ್ರ. 48.8 ಈ ಮಿತಿಯೊಳಗಣ ಉತ್ತರ, 50.02ರ ದಶಾಂಶಗಳಿಗೆ ಅರ್ಥವೇ ಇಲ್ಲ. ಅದೇ ತಂತಿಯ ಒಂದು ಮೀಟರನ್ನು ಮಿಲಿಗ್ರಾಮಿನವರೆಗೆ ತೂಗಿದ್ದಾದರೆ ಈ ಸಂದೇಹವು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಗುತ್ತದೆ. ಆಮೇಲೆ ಉಳಿಯುವ ಮುಖ್ಯ ಸಂದೇಹ ಅನುರಣನೆಯ ಬಿಂದುವಿನದು, ಎಂದರೆ ಎರಡು ಮೂರು ಮಿಲಿಮೀಟರಿನದು. ಕುದುರೆಯನ್ನು ಒಮ್ಮೆ ಒಳಗಿನಿಂದ ಹೊರಕ್ಕೂ ಒಮ್ಮೆ ಹೊರಗಿನಿಂದ ಒಳಕ್ಕೂ ಸರಿಸಿ ಸರಾಸರಿ ಹಿಡಿದರೆ ಅದನ್ನೂ ತಗ್ಗಿಸಬಹುದು. ರಾಟೆಯ ಘರ್ಷಣೆ ಬೇರೆ ಇದೆ. ಬಿಲ್ಲೆಗಳನ್ನು ಏರಿಸುತ್ತ ಹೋಗುವಾಗ ಬಂದ ಉದ್ದಗಳೂ ಇಳಿಸುತ್ತ ಬರುವಾಗಿನ ಉದ್ದಗಳೂ ಹೊಂದದಿದ್ದರೆ ರಾಟೆಗೆ ಎಣ್ಣೆ ಬೇಕೆಂದು ತಿಳಿಯತಕ್ಕದ್ದು.

ಸರಾಸರಿ ಎಂಬ ಮಾತಿನಲ್ಲಿಯೂ ಒಂದು ಮೋಸವಿದೆ. ಐದು ತೂಕಗಳಿಗೆ ಐದು ಉತ್ತರ ತೆಗೆದು ಸರಾಸರಿ ಹಾಕುವುದು ವಾಡಿಕೆ. ಅದರ ಬದಲು ಉದ್ದದ ವರ್ಗವನ್ನು ತೂಕಕ್ಕೆ ಎದುರಾಗಿ ನಕ್ಷೆ ಬರೆಯಿರಿ. ನಿಯಮದ ಪ್ರಕಾರ ಅದು ಮೂಲಬಿಂದುವಿನ ಮೂಲಕ ಹೋಗುವ ಸರಳರೇಖೆಯಾಗಬೇಕು. ಬಿಲ್ಲೆಗಳನ್ನು ಹೊತ್ತ ಹ್ಯಾಂಗರಿನ ಸ್ವಂತ ತೂಕವನ್ನು ಸೇರಿಸಲು ಮರೆತಿದ್ದರೆ ರೇಖೆ ಸರಳವಾಗಿಯೇ ಇದ್ದು, ತೂಕದ ಅಕ್ಷವನ್ನು ಸೊನ್ನೆಯ ಎಡಗಡೆಯಲ್ಲಿ, ಸರಿಯಾಗಿ ಹ್ಯಾಂಗರಿನ ತೂಕದಷ್ಟು ದೂರದಲ್ಲಿ ಕಡಿಯುತ್ತದೆ. ಮರೆತದ್ದನ್ನು ನಕ್ಷೆಯೇ ತೂಗಿ ಹೇಳುತ್ತದೆ! ಸರಾಸರಿಯಾದರೋ ತಪ್ಪನ್ನು ಐದರಲ್ಲಿಯೂ ಹಂಚಿ ಮುಚ್ಚಿಬಿಡುತ್ತದೆ.

ಐವತ್ತೆಂಬುದು ಅಷ್ಟು ಪವಿತ್ರವಾದ ಸಂಖ್ಯೆಯೇ? ಅದೂ ಅಲ್ಲ. ಜಾಲದ ಮೇಲಿನ ಬೇಡಿಕೆ ಉತ್ಪಾದನೆಯನ್ನು ಮೀರಿದಾಗ ಜನಕಯಂತ್ರಗಳ ವೇಗ ಕುಗ್ಗಿ ಆವೃತ್ತಿ ಇಳಿಯುತ್ತದೆ. ಕಳೆದ ಶತಮಾನದ ತೊಂಬತ್ತರ ದಶಕದಲ್ಲಿ ದಕ್ಷಿಣದ ರಾಜ್ಯಗಳ ಜಾಲದಲ್ಲಿ ಅದು 49ಕ್ಕಿಂತ ಕೆಳಗಿಳಿಯುವುದು ಅಪರೂಪವಾಗಿರಲಿಲ್ಲ. ಅಷ್ಟೇ ಅಲ್ಲ, 2013ರ ಡಿಸೆಂಬರ್ 31ರವರೆಗೆ ದಕ್ಷಿಣದ ಜಾಲವು ದೇಶದ ಉಳಿದ ಜಾಲದೊಡನೆ ಏಕಗತಿಯಲ್ಲಿ ಬೆಸೆದಿರಲಿಲ್ಲ. ಒಂದೇ ಕ್ಷಣದಲ್ಲಿ ಬೆಂಗಳೂರಿನ ಸ್ವರಮಾಪಕವೂ ಪುಣೆಯ ಸ್ವರಮಾಪಕವೂ ಬೇರೆ ಬೇರೆ ಉತ್ತರಗಳನ್ನು ಕೊಡಬೇಕಾಗಿದ್ದಿತು. ಆ ಕಾಲದ ಪ್ರಯೋಗ ಪುಸ್ತಕಗಳಲ್ಲಿ ಎಲ್ಲೆಲ್ಲಿಯೂ ಐವತ್ತೇ ಇದ್ದರೆ, ಅವುಗಳನ್ನು ಬರೆದವರು ತಂತಿಯ ಕಡೆ ನೋಡಿರಲಿಲ್ಲವೆಂದೇ ಅರ್ಥ. 2014ರಿಂದ ಈಚೆಗೆ ಆವೃತ್ತಿಯು 49.90 ಮತ್ತು 50.05ರ ನಡುವೆ ಇರತಕ್ಕದ್ದೆಂದು ಜಾಲದ ನಿಯಮಾವಳಿ ವಿಧಿಸಿದೆ. ಈ ಮಿತಿಯೊಳಗಿನ ಏರಿಳಿತವನ್ನು ಸ್ವರಮಾಪಕ ತೋರಿಸಲಾರದು. ಏನನ್ನು ತೋರಿಸಲಾರದೆಂಬುದನ್ನು ಬರೆಯುವುದೂ ಪ್ರಯೋಗದ ಒಂದು ಭಾಗವೇ.

ತಂತಿಯಂತಹ ಹಳೆಯ ವಸ್ತುವಿನಲ್ಲಿ ಹೊಸದಾಗಿ ಕಾಣಬೇಕಾದದ್ದು ಏನುಳಿದಿದೆ ಎನ್ನುವವರುಂಟು. ಅವರಿಗೆ ನಾವು ಚಂದ್ರಶೇಖರ ವೆಂಕಟ ರಾಮನ್ನರ ಹೆಸರನ್ನು ಹೇಳಬಯಸುತ್ತೇವೆ. 1933ರಲ್ಲಿ ಬೆಂಗಳೂರಿಗೆ ಬಂದು ಕೊನೆಯವರೆಗೆ ಇಲ್ಲಿಯೇ ನೆಲಸಿದ ರಾಮನ್ನರನ್ನು ನಮ್ಮ ವಿದ್ಯಾರ್ಥಿಗಳು ಬಲ್ಲದ್ದು ಬೆಳಕಿನ ಚದರಿಕೆಯಿಂದ. ಆದರೆ 1907ರಲ್ಲಿ ಕಲ್ಕತ್ತೆಯ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿ, ಕಚೇರಿಯ ಹೊತ್ತಿನ ಆಚೆಗೆ ಭಾರತೀಯ ವಿಜ್ಞಾನ ಸಂವರ್ಧನ ಸಂಘದ ಪ್ರಯೋಗಾಲಯಕ್ಕೆ ಹೋಗಿಬರುತ್ತಿದ್ದ ತರುಣ ರಾಮನ್ನರು ವರ್ಷಗಟ್ಟಲೆ ಕೈಹಾಕಿದ್ದು ತಂತಿಗೆ. ಜರ್ಮನಿಯ ಮೆಲ್ಡೆ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಮಾಡಿ ತೋರಿಸಿದ್ದ, ದಾರದ ತುದಿಯನ್ನು ಶ್ರುತಿಕವೆಗೆ ಕಟ್ಟಿ ಮಾಡುವ ಪ್ರಯೋಗ ಇಂದಿಗೂ ನಮ್ಮ ಪಠ್ಯದಲ್ಲಿದೆ. ಕವೆಯು ದಾರದ ನೇರಕ್ಕೇ ಕಂಪಿಸಿ ಬಿಗಿತವನ್ನು ಏರಿಳಿಸುವಾಗ ದಾರವು ಕವೆಯ ಅರ್ಧ ಆವೃತ್ತಿಯಲ್ಲಿ ತೂಗುತ್ತದೆಂದು ನಾವು ಪಾಠ ಹೇಳಿ ಮುಂದಕ್ಕೆ ಹೋಗುತ್ತೇವೆ. ರಾಮನ್ನರು ಮುಂದಕ್ಕೆ ಹೋಗಲಿಲ್ಲ. ಅರ್ಧವಲ್ಲದೆ, ಅರ್ಧದ ಎರಡರಷ್ಟು, ಮೂರರಷ್ಟು, ಹೀಗೆ ಇತರ ಆವೃತ್ತಿಗಳಲ್ಲಿಯೂ ಕಂಪನವನ್ನು ಉಳಿಸಿಕೊಂಡು ಬರಬಹುದೆಂದು ಕಂಡು, 1912ರಲ್ಲಿ ಸಂಘದ ಪತ್ರಿಕೆಯಲ್ಲಿ ಅದನ್ನು ವಿಸ್ತಾರವಾಗಿ ಪ್ರಕಟಿಸಿದರು.

ಇದಕ್ಕಿಂತಲೂ ನಮಗೆ ಹತ್ತಿರವಾದ ಪ್ರಸಂಗ ಇನ್ನೊಂದಿದೆ. ತಂತಿಯನ್ನು ಯಾವ ಬಿಂದುವಿನಲ್ಲಿ ಮಿಡಿಯುತ್ತೇವೋ ಆ ಬಿಂದುವಿನಲ್ಲಿ ನಿಸ್ಪಂದವುಳ್ಳ ಉಪಸ್ವರಗಳು ನಾದದಲ್ಲಿ ಕೇಳಿಬರಕೂಡದು. ಇದು ಥಾಮಸ್ ಯಂಗ್ ಹೇಳಿದ ನಿಯಮ. ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಬರೆಯುತ್ತಾರೆ. ತಂಬೂರಿ ಈ ನಿಯಮವನ್ನು ಪಾಲಿಸುವುದಿಲ್ಲವೆಂದು ರಾಮನ್ನರು 1921ರಲ್ಲಿ ತೋರಿಸಿಕೊಟ್ಟರು. ತಂಬೂರಿಯ ಕುದುರೆ ಸ್ವರಮಾಪಕದ ಕುದುರೆಯಂತೆ ಚೂಪಲ್ಲ. ಅದರ ಬೆನ್ನು ಅಗಲವಾಗಿ, ಮೆಲ್ಲನೆ ಬಾಗಿದೆ. ತಂತಿಗೂ ಕುದುರೆಗೂ ನಡುವೆ ದಾರದ ಎಳೆಯೊಂದನ್ನು ತೂರಿಸಿ ನಾದಕ್ಕೆ ಜೀವ ಬರುವ ಜಾಗವನ್ನು ಹುಡುಕಿ ನಿಲ್ಲಿಸುವುದನ್ನು ಸಂಗೀತ ಕಚೇರಿಗಳಲ್ಲಿ ಎಲ್ಲರೂ ನೋಡಿಯೇ ಇದ್ದೇವೆ. ತಂತಿಯು ತೂಗುವಾಗ ಕುದುರೆಯ ಬೆನ್ನನ್ನು ಪ್ರತಿ ಆವರ್ತದಲ್ಲಿಯೂ ಮುಟ್ಟಿ ಬಿಡುವುದರಿಂದ, ಇರಕೂಡದೆಂದು ನಿಯಮ ಹೇಳುವ ಉಪಸ್ವರವು ಗಟ್ಟಿಯಾಗಿ ಕೇಳಿಬರುತ್ತದೆ. ವೀಣೆಯ ಕುದುರೆಯದೂ ಇದೇ ಜಾತಿ. ನಿಯಮ ತಪ್ಪೆಂದಲ್ಲ, ತುದಿಗಳು ಚೂಪಾದ ಅಂಚಿನ ಮೇಲೆ ಕದಲದೆ ನಿಂತಿವೆಯೆಂಬ ಊಹೆಯ ಮೇಲೆ ಅದು ನಿಂತಿದೆ, ತಂಬೂರಿಯವನು ಆ ಊಹೆಯನ್ನು ಒಪ್ಪಿಕೊಂಡಿಲ್ಲ, ಅಷ್ಟೆ. ತನ್ನ ಕಿವಿಗೆ ಕೇಳಿಸಿದ್ದನ್ನು ಪುಸ್ತಕದ ವಾಕ್ಯಕ್ಕೆ ಸರಿಹೋಗುವಂತೆ ತಿದ್ದಿಕೊಳ್ಳುವ ಅಭ್ಯಾಸ ರಾಮನ್ನರಿಗೆ ಇದ್ದಿದ್ದರೆ ಆ ಲೇಖನ ಹುಟ್ಟುತ್ತಿರಲಿಲ್ಲ.

ನಮ್ಮ ಮಾತಿಗೆ ಅಧ್ಯಾಪಕ ಮಿತ್ರರಿಂದ ಬರುವ ಆಕ್ಷೇಪಣೆಗಳನ್ನು ನಾವು ಬಲ್ಲೆವು. ನಲವತ್ತು ವಿದ್ಯಾರ್ಥಿಗಳಿಗೆ ನಾಲ್ಕೇ ಸ್ವರಮಾಪಕಗಳು. ಸೆಮಿಸ್ಟರು ಕಣ್ಣು ಮುಚ್ಚಿ ತೆರೆಯುವುದರಲ್ಲಿ ಮುಗಿದುಹೋಗುತ್ತದೆ. ಪರೀಕ್ಷೆಯ ದಿನ ನೂರು ಪುಸ್ತಕಗಳನ್ನು ನೋಡುವ ಪರೀಕ್ಷಕರಿಗೆ ಕೊನೆಯ ಸಾಲಿನ ಉತ್ತರವಲ್ಲದೆ ಮತ್ತೇನನ್ನು ನೋಡಲು ವ್ಯವಧಾನ? ಇವೆಲ್ಲವೂ ನಿಜ. ಆದರೆ ತಂತಿಯನ್ನು ತೂಗುವುದಕ್ಕೆ ಐದು ನಿಮಿಷ ಸಾಕು, ನಕ್ಷೆಗೆ ಹತ್ತು ನಿಮಿಷ. ಕಾಲಕ್ಕಿಂತ ಹೆಚ್ಚಾಗಿ ಇಲ್ಲಿ ಕೊರತೆಯಾಗಿರುವುದು ಅಂಕಗಳ ಹಂಚಿಕೆಯಲ್ಲಿನ ವಿವೇಕ. ಉತ್ತರವು 50ಕ್ಕೆ ಎಷ್ಟು ಹತ್ತಿರವಿದೆಯೆಂದು ನೋಡಿ ಕೊಡುವ ಅಂಕಗಳನ್ನು, ಉತ್ತರದ ಸಂದೇಹವನ್ನು ಎಷ್ಟು ಸರಿಯಾಗಿ ಅಂದಾಜುಮಾಡಿದ್ದಾರೆಂದು ನೋಡಿ ಕೊಟ್ಟರೆ ರಬ್ಬರಿನ ಖರ್ಚು ತಾನಾಗಿ ಕಡಿಮೆಯಾಗುತ್ತದೆ.

2020ರಲ್ಲಿ ಕಾಲೇಜುಗಳು ಮುಚ್ಚಿದ್ದಾಗ ಕಂಪ್ಯೂಟರಿನ ಪರದೆಯ ಮೇಲೆಯೇ ತಂತಿಯನ್ನು ತೂಗಿಸುವ ಏರ್ಪಾಡುಗಳು ಬಳಕೆಗೆ ಬಂದುವು. ಬೇರೆ ದಾರಿಯಿಲ್ಲದಾಗ ಅದು ಒಳ್ಳೆಯದೇ ಆಯಿತು. ಅಲೆಗಳು ಹೋಗಿ ಬಂದು ಕೂಡುವುದನ್ನು ನಿಧಾನಿಸಿ ತೋರಿಸುವುದರಲ್ಲಿ ಪರದೆಗೆ ಸಾಟಿಯಿಲ್ಲ. ಆದರೆ ಪರದೆಯ ರಾಟೆಗೆ ಘರ್ಷಣೆಯಿಲ್ಲ, ಅದರ ಹ್ಯಾಂಗರಿಗೆ ತೂಕವಿಲ್ಲ, ಅದರ ಕುದುರೆ ಸದಾ ಚೂಪು. ಸೂತ್ರವನ್ನು ಒಳಗಿಟ್ಟು ಸೂತ್ರವನ್ನೇ ಹೊರಗೆ ತೆಗೆದಂತೆ. ಪ್ರಯೋಗಕ್ಕೆ ಬದಲಾಗಿ ಇದನ್ನೇ ಉಳಿಸಿಕೊಳ್ಳಬಹುದಲ್ಲವೇ ಎಂಬ ಸಲಹೆ ಆಗಾಗ್ಗೆ ಕಿವಿಗೆ ಬೀಳುತ್ತಿರುವುದು ನಮಗೆ ಕಳವಳವನ್ನುಂಟುಮಾಡಿದೆ. ಪ್ರಯೋಗಾಲಯದ ತಂತಿ ಸದಾ 50 ಎಂದೇ ನುಡಿಯುವುದಾದರೆ ಆ ಸಲಹೆಯನ್ನು ನಿರಾಕರಿಸಲು ನಮ್ಮಲ್ಲಿ ಕಾರಣವಾದರೂ ಏನುಳಿದೀತು? ಅದೇ ವಿದ್ಯಾರ್ಥಿಯ ಜೇಬಿನಲ್ಲಿರುವ ಮೊಬೈಲ್ ಫೋನು ಮಾತ್ರ ನಿಜವಾದ ಉಪಕರಣ. ಧ್ವನಿಯನ್ನು ಉಪಸ್ವರಗಳಾಗಿ ಬಿಡಿಸಿ ತೋರಿಸುವ ಆ್ಯಪುಗಳು ಪುಕ್ಕಟೆಯಾಗಿ ದೊರೆಯುತ್ತವೆ. ಮನೆಯ ತಂಬೂರಿಯ ಮುಂದೆ ಅದನ್ನಿಟ್ಟು 1921ರ ಪ್ರಯೋಗವನ್ನು ಒಂದು ಸಂಜೆಯಲ್ಲಿ ಮಾಡಬಹುದು.

ಕೊನೆಯದಾಗಿ, ಯಾವ ಪುಸ್ತಕದ ಕೊನೆಯ ಪುಟದಲ್ಲಿಯೂ ಉತ್ತರ ಅಚ್ಚಾಗಿಲ್ಲದ ಒಂದು ತಂತಿಯನ್ನು ವಿದ್ಯಾರ್ಥಿಗಳ ಕೈಗೆ ಕೊಡುತ್ತೇವೆ. ಒಂದರ ದಪ್ಪ ಇನ್ನೊಂದರ ಎರಡರಷ್ಟಿರುವ ಎರಡು ಉಕ್ಕಿನ ತಂತಿಗಳನ್ನು ತೆಗೆದುಕೊಂಡು, ತುದಿಗೆ ತುದಿ ಸೇರಿಸಿ, ಕುದುರೆಗಳ ನಡುವೆ ಬೆಸುಗೆ ಬರುವಂತೆ ಸ್ವರಮಾಪಕದ ಮೇಲೆ ಬಿಗಿಯಿರಿ. ಬಿಗಿತ ಎರಡಕ್ಕೂ ಒಂದೇ. ಆದರೆ ದಪ್ಪ ತಂತಿಯಲ್ಲಿ ಅಲೆಯ ವೇಗ ತೆಳು ತಂತಿಯಲ್ಲಿನದರ ಅರ್ಧ, ಆದುದರಿಂದ ಕುಣಿಕೆಯ ಉದ್ದವೂ ಅರ್ಧ. ಬೆಸುಗೆಯ ಜಾಗದಲ್ಲಿ ನಿಸ್ಪಂದ ಬರುವುದೇ, ಪ್ರಸ್ಪಂದ ಬರುವುದೇ, ಎರಡೂ ಅಲ್ಲವೇ? ಬೆಸುಗೆಯನ್ನು ಕುದುರೆಯ ಕಡೆಗೆ ಸರಿಸಿದರೆ ಏನಾಗುವುದು? ನಿಮ್ಮ ಊಹೆಯನ್ನು ಮೊದಲು ಶಾಯಿಯಲ್ಲಿ ಬರೆದಿಟ್ಟು, ಆಮೇಲೆ ವಿದ್ಯುತ್ಕಾಂತವನ್ನು ಹಿಡಿದು, ತಂತಿಯುದ್ದಕ್ಕೂ ಅಂಗುಲಕ್ಕೊಬ್ಬನಂತೆ ಕಾಗದದ ಸವಾರರನ್ನು ಏರಿಸಿ ನೋಡಬಹುದು.